ಹಿತ್ತಲಿಲ್ಲದ ಊರಿನಲ್ಲಿ ಹಿತ್ತಲ ಶೆಡ್

ಯುಗಾದಿಗೆ ವಾರವಿದೆ ಎನ್ನುವಾಗ ನಮ್ಮ ಬೀದಿಯ ಕೊನೆಯ ಮನೆಯ ಮುಂದೆ ಸಣ್ಣ ಲಾರಿಯೊಂದು ನಿಂತು ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿತು. ಒಂದೊಂದೂ ಮಂಚದಷ್ಟು ಉದ್ದ. ಬೀರುವೋ ಸೋಫಾವೋ ಇರಬೇಕೆಂದು ಎದುರುಮನೆಯವರು ಊಹಿಸಿದರು. ಒಳಗಿದ್ದದ್ದು ಒಂದು ಶೆಡ್. ಬಿಡಿ ಭಾಗಗಳಾಗಿ ಬಂದು, ಕೈಪಿಡಿ ನೋಡಿ ಜೋಡಿಸಿಕೊಳ್ಳಬೇಕಾದ, ಆರಡಿಗೆ ಎಂಟಡಿಯ ಬೂದುಬಣ್ಣದ ಪ್ಲಾಸ್ಟಿಕ್ ಕೋಣೆ. ಆ ಮನೆಯ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು. ಮಾಡಿಯ ಮೇಲೆ ಎಂಬತ್ತು ಕುಂಡಗಳಲ್ಲಿ ಬದನೆ, ಟೊಮೆಟೊ, ಬಸಳೆ ಬೆಳೆಯುತ್ತಾರೆ. ಪೆಟ್ಟಿಗೆ ಬಿಚ್ಚುವುದನ್ನು ನೋಡುತ್ತ ನಿಂತವರಿಗೆಲ್ಲ ಏನೇನೋ ಅನುಮಾನ. ಬಾಯಿಬಿಟ್ಟು ಕೇಳಿದವರು ಪಕ್ಕದ ಮನೆಯ ಅಜ್ಜಿ ಒಬ್ಬರೇ: "ಇದರೊಳಗೆ ಯಾರಿರುತ್ತಾರಪ್ಪ?"

ಯಜಮಾನರು ನಕ್ಕರು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ‘ಗಾರ್ಡನ್ ಶೆಡ್’ ಬೆಂಗಳೂರಿಗೆ ಸಾಮಾನಾಗಿ ಬಂದಿದೆ, ತನ್ನ ಕಥೆಯನ್ನು ಹೊತ್ತು ತಂದಿಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ಈಗ ಅದು ಕುಂಡ, ಕೋಕೋಪೀಟ್‌ಗಳ ಪಕ್ಕದಲ್ಲೇ ಕಾಣಿಸುತ್ತದೆ. ಬೇಡಿಕೆ ಇನ್ನೊಂದು ಕಡೆಯಿಂದಲೂ ಬಂದಿದೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ದಾರಿಯಾಯಿತು. ಕನಕಪುರ, ಮಾಗಡಿ, ದೊಡ್ಡಬಳ್ಳಾಪುರದ ಕಡೆ ಹತ್ತಿಪ್ಪತ್ತು ಗುಂಟೆ ಕೊಂಡ ನಗರವಾಸಿ ಮೊದಲು ಬೇಲಿ ಹಾಕಿಸುತ್ತಾನೆ, ಆಮೇಲೆ ಬೋರ್‌ವೆಲ್ ಕೊರೆಸುತ್ತಾನೆ, ಮೂರನೆಯದಾಗಿ ಶೆಡ್ ಹಾಕಿಸುವ ಮಾತೆತ್ತುತ್ತಾನೆ. ಆಗ ಹತ್ತು ಪ್ರಶ್ನೆಗಳು ಏಳುತ್ತವೆ: ಯಾವ ಶೀಟು, ಎಷ್ಟು ಎತ್ತರ, ಅನುಮತಿ ಬೇಕೇ, ಏಕೆ ಇಷ್ಟು ಸೆಕೆ, ಒಳಗೆ ಏನಿಡಬಹುದು.

ಶೆಡ್ ಎಂದು ಯಾವುದನ್ನು ಕರೆಯುತ್ತೇವೆ

ಮುಖ್ಯ ಮನೆಯಿಂದ ಬೇರೆಯಾಗಿ ನಿಂತ, ಸಾಮಾನ್ಯವಾಗಿ ಒಂದೇ ಕೋಣೆಯ, ಹಗುರ ಗೋಡೆ ಮತ್ತು ಹಗುರ ಚಾವಣಿಯ ಕಟ್ಟಡಕ್ಕೆ ಶೆಡ್ ಎಂದು ಹೆಸರು. ಅದು ತೋಟದಲ್ಲೋ ಹಿತ್ತಲಲ್ಲೋ ಇದ್ದು, ತೋಟದ ಕೆಲಸಕ್ಕೆ ಒದಗಿದರೆ ಗಾರ್ಡನ್ ಶೆಡ್. ಒಲೆ, ಬಚ್ಚಲು, ದೇವರ ಗೂಡು ಇಲ್ಲದಿರುವುದೇ ಅದರ ಗುರುತು. ಇಂಗ್ಲಿಷಿನ ಈ ಪದ ನೆರಳು ಎಂಬ ಅರ್ಥದ ‘ಶೇಡ್’ ಪದದ ರೂಪಾಂತರವೆಂದು ಭಾಷೆ ಬಲ್ಲವರು ಹೇಳುತ್ತಾರೆ. ಹಾಗಿದ್ದರೆ ನಮ್ಮ ಚಪ್ಪರದಂತೆ ಅದರ ಮೂಲ ಕೆಲಸವೂ ನೆರಳು ಕೊಡುವುದೇ.

ಬೆಂಗಳೂರಿನಲ್ಲಿ ಇದೇ ಪದಕ್ಕೆ ನಾಲ್ಕಾರು ಮುಖಗಳಿವೆ. ಮನೆ ಮುಂದಿನದು ಕಾರ್ ಶೆಡ್. ಖಾಲಿ ಸೈಟಿನ ಮೂಲೆಯಲ್ಲಿ ಕಾವಲುಗಾರನಿಗೆ ಹಾಕಿಕೊಟ್ಟದ್ದು ಶೀಟ್ ಶೆಡ್. ರಾಜಾಜಿನಗರ, ಪೀಣ್ಯಗಳಲ್ಲಿ ಶೆಡ್ ಎಂದರೆ ಲೇತ್ ಯಂತ್ರ ತಿರುಗುವ ಸಣ್ಣ ಕಾರ್ಖಾನೆ. ಈಚೆಗೆ ಪೊಲೀಸ್ ಪ್ರಕರಣವೊಂದರ ದೆಸೆಯಿಂದ ಈ ಪದಕ್ಕೆ ಒಂದು ಬಗೆಯ ಕುಹಕದ ನಗೆಯೂ ಅಂಟಿಕೊಂಡಿದೆ. ಅದನ್ನು ಇಲ್ಲಿಗೇ ಬಿಡೋಣ.

ನಮ್ಮ ಹಿತ್ತಲಿನಲ್ಲಿ ಏನಿತ್ತು

ಶೆಡ್ ನಮಗೆ ಹೊಸದು ಎನ್ನುವುದು ಅರ್ಧ ಮಾತ್ರ ನಿಜ. ಇಂಗ್ಲಿಷರು ಒಂದೇ ಕೋಣೆಗೆ ತುರುಕಿದ ಕೆಲಸಗಳನ್ನು ನಾವು ಬೇರೆಬೇರೆ ಜಾಗಗಳಿಗೆ ಹಂಚಿದ್ದೆವು. ದನಕ್ಕೆ ಕೊಟ್ಟಿಗೆ. ಸೌದೆ, ತೆಂಗಿನ ಮಟ್ಟೆ, ಭರಣಿಗಳಿಗೆ ಸೌದೆ ಮನೆ. ಈರುಳ್ಳಿ, ಬೀಜದ ಸೋರೆ, ಒಡೆದ ತೊಟ್ಟಿಲುಗಳಿಗೆ ಅಟ್ಟ. ಧಾನ್ಯಕ್ಕೆ ಕಣಜ, ಇನ್ನೂ ಹೆಚ್ಚಿದ್ದರೆ ನೆಲದೊಳಗಿನ ಹಗೇವು. ಹೊಲ ಕಾಯಲು ಕಂಬಗಳ ಮೇಲಿನ ಅಟ್ಟಣೆ. ಮೋಟಾರು ಬಂದ ಮೇಲೆ ಬಾವಿಯ ದಂಡೆಯಲ್ಲಿ ಪಂಪ್ ಮನೆ. ಗುದ್ದಲಿ, ಸನಿಕೆ, ಹಾರೆಗಳು ಇವುಗಳಲ್ಲಿ ಎಲ್ಲೋ ಒಂದು ಕಡೆ ಒರಗಿರುತ್ತಿದ್ದವು; ಬೇಕಾದಾಗ ಸಿಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಬೆಂಗಳೂರಿನ ಸುತ್ತಲಿನ ಮತ್ತು ಕೋಲಾರದ ಹಳ್ಳಿಗಳಲ್ಲಿ ಇನ್ನೊಂದು ಬಗೆಯದು ಇವತ್ತಿಗೂ ನಿಂತಿದೆ. ಇಲ್ಲಿ ನೆಲ ಅಗೆದರೆ ಬಂಡೆ. ಆ ಬಂಡೆಯನ್ನು ಸೀಳಿ ತೆಗೆದ ಚಪ್ಪಡಿಗಳನ್ನೇ ಸಾಲಾಗಿ ನೆಟ್ಟು ಗೋಡೆ ಮಾಡಿ, ಮೇಲೊಂದಷ್ಟು ಚಪ್ಪಡಿ ಹೊದಿಸಿದರೆ ತೋಟದ ಕೋಣೆ ಸಿದ್ಧ. ಗೆದ್ದಲಿಗೆ ತಿನ್ನಲು ಮರವಿಲ್ಲ, ತುಕ್ಕಿಗೆ ಹಿಡಿಯಲು ಕಬ್ಬಿಣವಿಲ್ಲ. ದೇವನಹಳ್ಳಿ ದಾಟಿದರೆ ದ್ರಾಕ್ಷಿ ಚಪ್ಪರಗಳ ಕಲ್ಲುಕಂಬಗಳು ಕಾಣುತ್ತವಲ್ಲ, ಅವೂ ಇದೇ ಕಸುಬಿನ ಸಂತಾನ.

ಶಿಡ್ಲಘಟ್ಟ, ದೇವನಹಳ್ಳಿ ಪಕ್ಕದ ವಿಜಯಪುರ, ರಾಮನಗರದ ಕಡೆ ಹೋದರೆ ಶೆಡ್ಡಿಗೆ ಮಡಿಯೂ ಇದೆ. ರೇಷ್ಮೆ ಹುಳು ಸಾಕುವ ಹುಳುಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಹೊರಗಿನವರು ಕೈಕಾಲು ತೊಳೆಯದೆ ಹೊಕ್ಕುವಂತಿಲ್ಲ. ಕಾರಣ ಶಾಸ್ತ್ರವಲ್ಲ, ರೋಗ. ಹುಳುವಿಗೆ ಸೋಂಕು ಹತ್ತಿದರೆ ಇಡೀ ಬೆಳೆ ನೆಲಕಚ್ಚುತ್ತದೆ. ಒಳಗಿನ ಉಷ್ಣಾಂಶ ಸುಮಾರು 24ರಿಂದ 28 ಡಿಗ್ರಿಯಲ್ಲಿ ನಿಲ್ಲಬೇಕು, ಗಾಳಿಯಲ್ಲಿ ತೇವವೂ ಇರಬೇಕು. ಹಾಗಾಗಿ ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ಇಳಿಬಿಡುತ್ತಾರೆ. ಹಗುರ ಕಟ್ಟಡವೊಂದರ ಹವೆಯನ್ನು ಕೈಯಳತೆಯಲ್ಲಿಟ್ಟುಕೊಳ್ಳುವ ವಿದ್ಯೆಯಲ್ಲಿ ಈ ಸೀಮೆಯ ರೈತರಿಗೆ ಯಾವ ಕೈಪಿಡಿಯೂ ಬೇಕಿಲ್ಲ.

ನಗರದಲ್ಲಿ ಆದದ್ದೇನೆಂದರೆ ಹಿತ್ತಲೇ ಹೋಯಿತು. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಎದ್ದ ಮೇಲೆ ಹಿಂದೆ ಉಳಿಯುವುದು ಒಬ್ಬರು ಅಡ್ಡಡ್ಡ ನಡೆಯುವಷ್ಟು ಓಣಿ. ಅಲ್ಲಿದ್ದ ಸಾಮಾನುಗಳು ಮಾತ್ರ ಹೋಗಲಿಲ್ಲ, ಮನೆಯೊಳಗೆ ಚದುರಿದವು. ಏಣಿ ಮತ್ತು ಬಣ್ಣದ ಡಬ್ಬಿ ಮೆಟ್ಟಿಲ ಕೆಳಗೆ, ಗೊಬ್ಬರದ ಚೀಲ ನೀರಿನ ಟ್ಯಾಂಕಿನ ಅಡಿಗೆ, ಹಿತ್ತಾಳೆ ಹಂಡೆ ಅಡುಗೆಮನೆಯ ಸಜ್ಜೆಗೆ, ಉಳಿದದ್ದೆಲ್ಲ ಮಾಡಿಯ ಹೆಡ್‌ರೂಮಿಗೆ. ಒಂದೊಂದು ಬೆಂಗಳೂರು ಮನೆಯಲ್ಲೂ ಹೀಗೆ ಒಡೆದು ಹಂಚಿಹೋದ ಶೆಡ್ಡೊಂದು ಇದ್ದೇ ಇದೆ. ಪೆಟ್ಟಿಗೆಯಲ್ಲಿ ಬಂದದ್ದು ಆ ಚೂರುಗಳನ್ನು ಮತ್ತೆ ಒಂದುಗೂಡಿಸುವ ಯತ್ನ.

ಇಂಗ್ಲಿಷರಿಗೆ ಅದು ಏಕೆ ಅಷ್ಟು ಮುಖ್ಯವಾಯಿತು

ಬ್ರಿಟನ್ನಿನಲ್ಲಿ ‘ಅಲಾಟ್‌ಮೆಂಟ್’ ಎಂಬ ಪದ್ಧತಿಯಿದೆ. ಸ್ವಂತ ಹಿತ್ತಲಿಲ್ಲದ ನಗರವಾಸಿಗಳಿಗೆ ಊರಿನ ಆಡಳಿತ ಸಣ್ಣ ತುಂಡು ಜಮೀನನ್ನು ಕಡಿಮೆ ಬಾಡಿಗೆಗೆ ಕೊಡುತ್ತದೆ. ಅವರು ಅಲ್ಲಿ ತರಕಾರಿ ಬೆಳೆದುಕೊಳ್ಳುತ್ತಾರೆ. 1908ರ ಕಾಯ್ದೆಯೊಂದು ಇದಕ್ಕೆ ಗಟ್ಟಿ ನೆಲೆ ಕೊಟ್ಟಿತು. ವಾಡಿಕೆಯ ಅಳತೆ ಸುಮಾರು 250 ಚದರ ಮೀಟರ್. ನಮ್ಮ ಲೆಕ್ಕದಲ್ಲಿ ಮೂವತ್ತು–ನಲವತ್ತರ ಎರಡು ಸೈಟುಗಳಿಗಿಂತ ಹೆಚ್ಚು! ಮನೆಯಿಂದ ದೂರದ ಆ ತುಂಡಿಗೆ ದಿನವೂ ಗುದ್ದಲಿ ಹೊತ್ತು ಹೋಗುವುದು ಯಾರಿಗೆ ಬೇಕು? ಅಲ್ಲೇ ಒಂದು ಮರದ ಗೂಡು ಕಟ್ಟಿಕೊಂಡರು. ಮಳೆ ಬಂದರೆ ನಿಲ್ಲಲು, ಚಹಾ ಕಾಯಿಸಲು, ಪಕ್ಕದ ತುಂಡಿನವನ ಕೋಸಿನ ಗಾತ್ರ ನೋಡಿ ಹೊಟ್ಟೆಕಿಚ್ಚುಪಡಲು ಅದೇ ನೆಲೆಯಾಯಿತು.

ಎರಡನೆಯ ಮಹಾಯುದ್ಧ ಇನ್ನೊಂದು ವಿಚಿತ್ರ ಕೊಡುಗೆ ಕೊಟ್ಟಿತು. ಬಾಂಬ್ ದಾಳಿಯಿಂದ ಕಾಪಾಡಿಕೊಳ್ಳಲು 1939ರಿಂದ ಮನೆಮನೆಗೆ ‘ಆಂಡರ್ಸನ್ ಶೆಲ್ಟರ್’ ಎಂಬ ಆಶ್ರಯಗಳನ್ನು ಹಂಚಿದರು: ಅಲೆಯಲೆಯಾದ ಉಕ್ಕಿನ ತಗಡುಗಳನ್ನು ಬಾಗಿಸಿ ಜೋಡಿಸಿ, ಹಿತ್ತಲಲ್ಲಿ ಅರ್ಧ ಹೂತು, ಮೇಲೆ ಮಣ್ಣು ಸುರಿಯುವಂಥವು. ಯುದ್ಧ ಮುಗಿದ ಮೇಲೆ ಎಷ್ಟೋ ಜನ ಅವನ್ನು ಅಗೆದು ತೆಗೆದು ನೆಲದ ಮೇಲೆ ನಿಲ್ಲಿಸಿಕೊಂಡರು. ಸಾವಿನಿಂದ ತಪ್ಪಿಸಿಕೊಳ್ಳಲು ಕುಳಿತಿದ್ದ ಗೂಡಿನಲ್ಲಿ ಸೈಕಲ್ಲು, ಹುಲ್ಲು ಕತ್ತರಿಸುವ ಯಂತ್ರ ಸೇರಿದವು.

ಜರ್ಮನರು ಇಂಥದಕ್ಕೂ ಅಳತೆ ಹಾಕಿದ್ದಾರೆ. ಅಲ್ಲಿನ ನಗರದಂಚಿನ ಬಾಡಿಗೆ ತೋಟಗಳಲ್ಲಿ ಕಟ್ಟುವ ಗುಡಿಸಲು, 1983ರ ಕಾನೂನಿನಂತೆ, ಜಗುಲಿಯೂ ಸೇರಿ 24 ಚದರ ಮೀಟರ್ ಮೀರಬಾರದು, ಕಾಯಂ ವಾಸಕ್ಕೆ ತಕ್ಕಂತೆಯೂ ಇರಬಾರದು.

ಒಳಗೆ ಕುಳಿತವರು

ಮನೆಯ ಗದ್ದಲ ಮುಟ್ಟದಷ್ಟು ದೂರ, ಊಟಕ್ಕೆ ಕರೆದರೆ ಕೇಳುವಷ್ಟು ಹತ್ತಿರ. ಶೆಡ್ಡಿನ ಆಕರ್ಷಣೆಯೆಲ್ಲ ಈ ಅಂತರದಲ್ಲಿದೆ. ನಾಟಕಕಾರ ಜಾರ್ಜ್ ಬರ್ನಾರ್ಡ್ ಷಾ ತನ್ನ ತೋಟದ ಮರದ ಗೂಡನ್ನು ತಿರುಗುವ ಅಡಿಪಾಯದ ಮೇಲೆ ಕೂರಿಸಿದ್ದ. ಬಿಸಿಲು ಸರಿದಂತೆ ಗೂಡನ್ನೂ ತಳ್ಳಿ ತಿರುಗಿಸಿಕೊಂಡು ಬರೆಯುತ್ತಿದ್ದ. ಅದಕ್ಕೆ ‘ಲಂಡನ್’ ಎಂದು ಹೆಸರಿಟ್ಟಿದ್ದನೆಂದೂ, ಬೇಡದ ಅತಿಥಿಗಳು ಬಂದರೆ ಯಜಮಾನರು ಲಂಡನ್ನಿನಲ್ಲಿದ್ದಾರೆಂದು ಮನೆಯವರು ಸುಳ್ಳಾಡದೆ ಹೇಳಬಹುದಿತ್ತೆಂದೂ ಪ್ರತೀತಿ. ನಾರ್ವೆಯ ಸಂಗೀತಕಾರ ಎಡ್ವರ್ಡ್ ಗ್ರೀಗ್‌ನ ಸರೋವರದಂಚಿನ ಗೂಡು ಇನ್ನೂ ಸರಳ. ಊರಿಗೆ ಹೋಗುವಾಗ ಆತ ಕಳ್ಳರಿಗೆಂದು ಚೀಟಿ ಬರೆದಿಟ್ಟು ಹೋಗುತ್ತಿದ್ದ: ಸ್ವರಲಿಪಿಯ ಹಾಳೆಗಳನ್ನು ದಯವಿಟ್ಟು ಬಿಡಿ, ಅವುಗಳಿಂದ ನನಗಲ್ಲದೆ ಬೇರೆ ಯಾರಿಗೂ ಪ್ರಯೋಜನವಿಲ್ಲ.

ಅಲ್ಲಿ ಈ ಗೂಡು ಹೆಚ್ಚುಪಾಲು ಗಂಡಸರ ಜಾಗವಾಗಿ ಬೆಳೆಯಿತು. ನಮ್ಮ ಹಿತ್ತಲು ತದ್ವಿರುದ್ಧ. ಒಗೆಯುವ ಕಲ್ಲು, ಸ್ನಾನದ ನೀರಿನ ಒಲೆ, ಕರಿಬೇವಿನ ಗಿಡ, ಮೋಟುಗೋಡೆಯಾಚೆಗಿನ ಮಾತು ಎಲ್ಲವೂ ಹೆಂಗಸರ ಲೋಕ. ಗಂಡಸರು ಮುಂದಿನ ಜಗುಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ಹಾಗಾಗಿ ‘ನಿವೃತ್ತ ಯಜಮಾನರ ಶೆಡ್’ ಎಂಬುದು ನಮಗೆ ಕೊಂಚ ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ.

ಆ ಗಂಡಸರ ಗೂಡೇ ಆಸ್ಟ್ರೇಲಿಯಾದಲ್ಲಿ ಸಾರ್ವಜನಿಕ ಆರೋಗ್ಯದ ವಿಷಯವಾಯಿತು. ಕೆಲಸ ಬಿಟ್ಟ ಮೇಲೆ, ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗುವ ವಯಸ್ಸಾದ ಗಂಡಸರು ಕಷ್ಟ ಹೇಳಿಕೊಳ್ಳುವುದಿಲ್ಲ, ವೈದ್ಯರ ಬಳಿಗೂ ಹೋಗುವುದಿಲ್ಲ. 1990ರ ದಶಕದಲ್ಲಿ ಅಲ್ಲಿ ‘ಮೆನ್ಸ್ ಶೆಡ್’ಗಳು ಹುಟ್ಟಿದವು, ಆ ಹೆಸರು ಹೊತ್ತ ಮೊದಲನೆಯದು 1998ರಲ್ಲಿ ವಿಕ್ಟೋರಿಯಾ ರಾಜ್ಯದ ಟೊಂಗಾಲಾ ಎಂಬ ಊರಿನಲ್ಲಿ ತೆರೆಯಿತು ಎನ್ನುತ್ತಾರೆ. ಊರಿಗೊಂದು ದೊಡ್ಡ ಶೆಡ್, ಅದರಲ್ಲಿ ಮರಗೆಲಸದ ಸಲಕರಣೆ, ಚಹಾದ ಕೆಟಲ್. ಬಂದವರು ಮುರಿದ ಕುರ್ಚಿ ಸರಿಮಾಡುತ್ತಾರೆ, ಶಾಲೆಗೆ ಆಟಿಕೆ ಮಾಡಿಕೊಡುತ್ತಾರೆ. ಗಂಡಸರು ಎದುರುಬದುರು ಕುಳಿತು ಮಾತಾಡುವುದಿಲ್ಲ, ಹೆಗಲಿಗೆ ಹೆಗಲು ಸೇರಿಸಿ ದುಡಿಯುವಾಗ ಮಾತಾಡುತ್ತಾರೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಈಗ ಆಸ್ಟ್ರೇಲಿಯಾವೊಂದರಲ್ಲೇ ಇಂಥವು ಸಾವಿರಕ್ಕೂ ಮಿಕ್ಕಿವೆ. ಐರ್ಲೆಂಡ್, ಬ್ರಿಟನ್‌ಗಳಿಗೂ ಹರಡಿವೆ. ನಮ್ಮ ಅರಳಿಕಟ್ಟೆಗೂ ಬಡಾವಣೆಯ ಪಾರ್ಕಿನ ಕಲ್ಲುಬೆಂಚಿಗೂ ಇದಕ್ಕೂ ಹೋಲಿಕೆ ಕಾಣುತ್ತದೆ. ನಮ್ಮಲ್ಲಿ ಮಾತಿಗೆ ಕೊರತೆಯಿಲ್ಲ; ಕೈಗೆ ಕೆಲಸವಿಲ್ಲ, ಅಷ್ಟೇ ವ್ಯತ್ಯಾಸ.

ಶೆಡ್ಡಿನಲ್ಲಿ ದೊಡ್ಡ ಕೆಲಸವಾದ ಕಥೆಗೆ ಹೊರದೇಶಕ್ಕೆ ಹೋಗಬೇಕಾಗಿಯೂ ಇಲ್ಲ. ಮೇರಿ ಮತ್ತು ಪಿಯರ್ ಕ್ಯೂರಿ ಪ್ಯಾರಿಸ್ಸಿನ ಸೋರುವ ಶೆಡ್ಡಿನಲ್ಲಿ ರೇಡಿಯಂ ಬೇರ್ಪಡಿಸಿದ್ದು ಎಲ್ಲರಿಗೂ ಗೊತ್ತು. ಭಾರತದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ನಮ್ಮ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಮೂಲದ ಯು.ಆರ್. ರಾವ್ ಅವರ ನೇತೃತ್ವದ ತಂಡ ಶೀಟ್ ಚಾವಣಿಯ ಕೆಳಗೆ ಕಟ್ಟಿದ 360 ಕಿಲೋ ತೂಕದ ಆ ಯಂತ್ರ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಬಾನಿಗೇರಿತು. ಪೀಣ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ನೆನಪಿಸಿಕೊಳ್ಳಲು ಒಳ್ಳೆಯ ಸಂಗತಿ.

ಶೀಟಿನ ಕೆಳಗೆ ಏಕೆ ಬೇಯುತ್ತೇವೆ

ಕನ್ನಡದಲ್ಲಿ ಚಾವಣಿಗೆ ಹೊದಿಸುವುದಕ್ಕೂ ದೋಸೆ ಹುಯ್ಯುವುದಕ್ಕೂ ಹೆಂಚು ಎಂದೇ ಹೆಸರು. ತಗಡಿನ ಶೆಡ್ಡಿನಲ್ಲಿ ಏಪ್ರಿಲ್ ಮಧ್ಯಾಹ್ನ ಕಳೆದವರಿಗೆ ಈ ಎರಡು ಅರ್ಥಗಳ ನಡುವೆ ಅಂತರ ಕಾಣುವುದಿಲ್ಲ.

ಮೊದಲು ತಗಡಿನ ಗುಣ ನೋಡೋಣ. ಒಂದು ಕಾಗದವನ್ನು ಎರಡು ಲೋಟಗಳ ಮೇಲೆ ಸೇತುವೆಯಂತೆ ಇಡಿ. ನಡುವೆ ಒಂದು ನಾಣ್ಯ ಇಟ್ಟರೂ ಕುಸಿಯುತ್ತದೆ. ಅದೇ ಕಾಗದವನ್ನು ಬೀಸಣಿಗೆಯಂತೆ ಮಡಿಸಿ ಇಡಿ. ಹತ್ತು ನಾಣ್ಯ ಹೊರುತ್ತದೆ. ಶೀಟಿನ ಅಲೆಗಳ ಗುಟ್ಟು ಇದು. ತೆಳುವಾದ ತಗಡಿಗೂ ಮಡಿಕೆ ಬಲ ಕೊಡುತ್ತದೆ, ತೂಕ ಮತ್ತು ಬೆಲೆ ಇಳಿಯುತ್ತದೆ. ಲಂಡನ್ನಿನ ಹೆನ್ರಿ ಪಾಮರ್ ಎಂಬ ಎಂಜಿನಿಯರ್ 1829ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಸತುವಿನ ಲೇಪ ಬಂದ ಮೇಲೆ ತುಕ್ಕಿನ ಕಾಟವೂ ತಗ್ಗಿತು. ನಮ್ಮವರು ಅದನ್ನು ಜಿಂಕ್ ಶೀಟ್ ಎಂದು ಕರೆದದ್ದು ಅದಕ್ಕೇ.

ತೆಳುವಾಗಿರುವುದು ತೊಂದರೆಯೂ ಹೌದು. ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ತಗಡು ಕೈ ಸುಡುವಷ್ಟು ಕಾಯುತ್ತದೆ, ಆ ಕಾವನ್ನು ಕೆಳಗೆ ಕುಳಿತವರ ನೆತ್ತಿಯ ಮೇಲೆ ಬೀರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಮೇಲಕ್ಕೇರುತ್ತದೆ, ಹೊರಹೋಗಲು ಕಿಂಡಿಯಿಲ್ಲದಿದ್ದರೆ ಅಲ್ಲೇ ಕೂಡಿಕೊಳ್ಳುತ್ತದೆ. ಮಂಗಳೂರು ಹೆಂಚಿನ ಮಾಡು ತಂಪಾಗಿರುವುದು ಇದೇ ಕಾರಣಕ್ಕೆ: ಸುಟ್ಟ ಮಣ್ಣು ಕಾವನ್ನು ನಿಧಾನವಾಗಿ ದಾಟಿಸುತ್ತದೆ, ಹೆಂಚು–ಹೆಂಚಿನ ನಡುವಿನ ಸಂದುಗಳಲ್ಲಿ ಬಿಸಿಗಾಳಿ ನುಸುಳಿ ಹೋಗುತ್ತದೆ.

ಪರಿಹಾರಗಳೂ ಈ ಕಾರಣಗಳಿಂದಲೇ ಹುಟ್ಟುತ್ತವೆ. ಶೀಟಿನ ಮೇಲೆ ಬಿಳಿ ಬಣ್ಣ ಬಳಿದರೆ ಬಿಸಿಲಿನ ಬಹುಪಾಲು ಮರಳಿ ಹೋಗುತ್ತದೆ. ಸುಣ್ಣವಾದರೂ ಆದೀತು, ಪ್ರತಿ ಮಳೆಗಾಲದ ನಂತರ ಮತ್ತೆ ಬಳಿಯಬೇಕು. ಒಂದು ಗೋಡೆಯ ಕೆಳಭಾಗದಲ್ಲೂ ಎದುರಿನ ಗೋಡೆಯ ತುದಿಯಲ್ಲೂ ಕಿಂಡಿ ಬಿಟ್ಟರೆ ತಣ್ಣನೆಯ ಗಾಳಿ ಕೆಳಗಿಂದ ಬಂದು ಬಿಸಿಯದನ್ನು ಮೇಲಿನಿಂದ ತಳ್ಳುತ್ತದೆ. ಶೀಟಿನಿಂದ ಒಂದಡಿ ಮೇಲೆ ನರ್ಸರಿಯವರು ಬಳಸುವ ಹಸಿರು ನೆರಳುಬಲೆ ಕಟ್ಟುವುದು ಕೊಡೆ ಹಿಡಿದಂತೆ. ತೆಂಗಿನ ಗರಿ ಹೊದಿಸುವುದು ಹಳೆಯ ಉಪಾಯ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೋರೆ ಬಳ್ಳಿಯನ್ನು ಹಬ್ಬಿಸುವುದು. ಕಾಯಿ ಕಿತ್ತು ಪಲ್ಯವನ್ನೂ ಮಾಡಿಕೊಳ್ಳಬಹುದು. ಬಾಗಿಲು ಉತ್ತರಕ್ಕೋ ಪೂರ್ವಕ್ಕೋ ಇರಲಿ. ಇಳಿಹೊತ್ತಿನ ಬಿಸಿಲೂ ಮುಂಗಾರಿನ ಎರಚಲೂ ಪಶ್ಚಿಮದಿಂದಲೇ ಬರುತ್ತವೆ.

ಚಳಿಗಾಲದಲ್ಲಿ ಇದೇ ತಗಡು ಬೇರೆ ಆಟ ಹೂಡುತ್ತದೆ. ಡಿಸೆಂಬರಿನ ಮೋಡವಿಲ್ಲದ ರಾತ್ರಿ ತಗಡು ಬೇಗ ತಣ್ಣಗಾಗುತ್ತದೆ, ಒಳಗಿನ ಗಾಳಿಯ ತೇವ ಅದರ ಒಳಮೈಗೆ ಹನಿಯಾಗಿ ಕಟ್ಟುತ್ತದೆ. ಬಿಸಿ ಅನ್ನದ ಪಾತ್ರೆಯ ಮುಚ್ಚಳ ಬೆವರುವ ಹಾಗೆ. ಮಳೆಯೇ ಬಾರದೆ ಶೆಡ್ ಸೋರಿತೆಂದು ದೂರುವವರು ನೋಡುವುದು ಈ ಬೆವರನ್ನು. ಗಾಳಿಯಾಡಲು ಬಿಟ್ಟ ಕಿಂಡಿಗಳೇ ಇದಕ್ಕೂ ಮದ್ದು.

ಗಾಳಿಯ ಹೊಡೆತವನ್ನೂ ಮರೆಯುವಂತಿಲ್ಲ. ಏಪ್ರಿಲ್–ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬೀಸುವ ಬಿರುಗಾಳಿ ಹಗುರ ಚಾವಣಿಯನ್ನು ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಎತ್ತುತ್ತದೆ. ಕೊಡೆ ಮಗುಚಿಕೊಳ್ಳುವುದನ್ನು ನೋಡಿದ್ದೀರಲ್ಲ, ಹಾಗೆ. ಶೀಟುಗಳ ಮೇಲೆ ಹಳೆಯ ಟಯರು, ಸೈಜುಗಲ್ಲು ಹೇರಿರುವುದು ಇದಕ್ಕಾಗಿ. ಅದಕ್ಕಿಂತ ಶೀಟನ್ನು ಕೆಳಗಿನ ಪೈಪಿಗೆ ಕೊಕ್ಕೆಯ ಬೋಲ್ಟಿನಿಂದ ಬಿಗಿಯುವುದೂ, ಕಾಲುಗಳನ್ನು ಕಾಂಕ್ರೀಟಿಗೆ ಹೂಳುವುದೂ ಕ್ಷೇಮ. ನಾಲ್ಕನೆಯ ಮಹಡಿಯ ಮಾಡಿಯ ಮೇಲೆ ಇಡುವ ಪ್ಲಾಸ್ಟಿಕ್ ಶೆಡ್ಡಿಗಂತೂ ಇದು ತಪ್ಪಿಸಲಾಗದ ಕೆಲಸ. ಹಾರಿದರೆ ಬೀಳುವುದು ಪಕ್ಕದವರ ಸೋಲಾರ್ ಹೀಟರಿನ ಮೇಲೆ.

ಕಲ್ನಾರಿನ, ಅಂದರೆ ಆಸ್‌ಬೆಸ್ಟಾಸ್ ಶೀಟಿನ ಬಗ್ಗೆ ಒಂದು ಎಚ್ಚರಿಕೆ. ಅದು ಕಲ್ನಾರಿನ ಎಳೆಗಳನ್ನು ಸಿಮೆಂಟಿನಲ್ಲಿ ಕಲಸಿ ಮಾಡಿದ್ದು. ಸುಮ್ಮನೆ ಇದ್ದಾಗ ಅಪಾಯ ಕಡಿಮೆ. ಕತ್ತರಿಸಿದಾಗ, ಕೊರೆದಾಗ, ಒಡೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ಬ್ರಿಟನ್ 1999ರಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ಭಾರತದಲ್ಲಿ ಇನ್ನೂ ಮಾರಾಟದಲ್ಲಿದೆ. ಹಳೆಯ ಶೀಟನ್ನು ತೆಗೆಸುವುದಾದರೆ ಚೆನ್ನಾಗಿ ನೀರು ಹಾಕಿ ನೆನೆಸಿ, ಒಡೆಯದಂತೆ ಇಡಿಯಾಗಿ ಇಳಿಸಬೇಕು, ಮಾಸ್ಕ್ ಹಾಕಿಕೊಂಡು.

ನೆಲ, ಹೆಗ್ಗಣ, ಮತ್ತು ಒಳಗಿಡುವ ಸಾಮಾನು

ನೆಲವನ್ನು ಸುತ್ತಲಿನ ಮಣ್ಣಿಗಿಂತ ಅರ್ಧ ಅಡಿಯಾದರೂ ಎತ್ತರಿಸದಿದ್ದರೆ ಸೆಪ್ಟೆಂಬರಿನ ಮಳೆಯಲ್ಲಿ ಅದು ಕೆರೆಯಾಗುತ್ತದೆ. ಕಾಂಕ್ರೀಟ್ ಹಾಸಿದರೆ ಇನ್ನೊಂದು ಲಾಭ: ಹೆಗ್ಗಣ ಸುರಂಗ ಕೊರೆದು ಒಳಬರುವುದು ಕಷ್ಟವಾಗುತ್ತದೆ. ಇಂಗ್ಲಿಷರು ಹೆಗ್ಗಣವನ್ನು ‘ಬ್ಯಾಂಡಿಕೂಟ್’ ಎನ್ನುವುದು ತೆಲುಗಿನ ‘ಪಂದಿಕೊಕ್ಕು’ ಎಂಬುದರಿಂದ. ಅವರ ಶೆಡ್ ನಾವು ತಂದರೆ ನಮ್ಮ ಕಡೆಯ ಇಲಿಯ ಹೆಸರನ್ನು ಅವರು ಒಯ್ದರು. ಇಲಿ ಇದ್ದಲ್ಲಿಗೆ ಕೇರೆಹಾವು, ನಾಗರಹಾವು ಬರುವುದು ಬೆಂಗಳೂರಿನಲ್ಲಿ ಅಪರೂಪವಲ್ಲ. ಹೆಂಚು, ಇಟ್ಟಿಗೆಗಳನ್ನು ಮೂಲೆಯಲ್ಲಿ ರಾಶಿ ಹಾಕಿ ವರ್ಷಗಟ್ಟಲೆ ಮರೆಯಬೇಡಿ, ಕತ್ತಲಲ್ಲಿ ಕೈ ಹಾಕಬೇಡಿ.

ಸಿಮೆಂಟ್ ಚೀಲ, ಯೂರಿಯಾ ಎರಡೂ ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತವೆ. ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ಕೀಟನಾಶಕಕ್ಕೆ ಬೀಗ ಕಡ್ಡಾಯ, ಹಳೆಯ ನೀರಿನ ಬಾಟಲಿಗೆ ಅದನ್ನು ಸುರಿದಿಡುವ ಅಭ್ಯಾಸ ಕೂಡದು. ಥಿನ್ನರ್, ಪೆಟ್ರೋಲು, ಸ್ಕೂಟರಿನ ಬ್ಯಾಟರಿಗಳನ್ನು ಕಾದ ತಗಡಿನ ಕೆಳಗೆ ಇಡಲೇಬಾರದು. ಬೀಜದ ಪೊಟ್ಟಣಗಳೂ ಆ ಕಾವಿಗೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಅವುಗಳ ಜಾಗ ಮನೆಯೊಳಗೇ.

ಅನುಮತಿಯ ಮಾತು

ಬ್ರಿಟನ್ನಿನಲ್ಲಿ ಗಡಿಯಿಂದ ಎರಡು ಮೀಟರ್ ಒಳಗೆ ಕಟ್ಟುವ ಶೆಡ್ ಎರಡೂವರೆ ಮೀಟರ್ ಎತ್ತರ ಮೀರದಿದ್ದರೆ, ಹಿತ್ತಲಿನ ಅರ್ಧಕ್ಕಿಂತ ಹೆಚ್ಚು ಜಾಗ ನುಂಗದಿದ್ದರೆ, ಸಾಮಾನ್ಯವಾಗಿ ಪ್ರತ್ಯೇಕ ಯೋಜನಾ ಅನುಮತಿ ಬೇಕಾಗುವುದಿಲ್ಲ. ನಮ್ಮಲ್ಲಿ ಲೆಕ್ಕ ಬೇರೆ. ಮನೆಯ ಸುತ್ತ ಬಿಡುವ ಸೆಟ್‌ಬ್ಯಾಕ್ ಜಾಗ ಗಾಳಿ, ಬೆಳಕು ಮತ್ತು ಅಗ್ನಿಶಾಮಕರ ಓಡಾಟಕ್ಕೆಂದು ಮೀಸಲು. ಅಲ್ಲಿ ಕಾಯಂ ಕಟ್ಟಡ ಎಬ್ಬಿಸಿದರೆ ಅದು ಮಂಜೂರಾದ ನಕ್ಷೆಯ ಉಲ್ಲಂಘನೆ. ಅಪಾರ್ಟ್‌ಮೆಂಟಿನ ಮಾಡಿ ಸಾಮಾನ್ಯವಾಗಿ ಎಲ್ಲರ ಸಾಮೂಹಿಕ ಸ್ವತ್ತು, ಸಂಘದ ಒಪ್ಪಿಗೆಯಿಲ್ಲದೆ ಅಲ್ಲಿ ಒಬ್ಬರ ಶೆಡ್ ನಿಲ್ಲುವಂತಿಲ್ಲ. ಕೃಷಿ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡಕ್ಕೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತದೆ. ಅದೇ ಶೆಡ್ಡನ್ನು ಹೋಂಸ್ಟೇ ಮಾಡಿ ಬಾಡಿಗೆಗೆ ಬಿಡುವುದಾದರೆ ಭೂಪರಿವರ್ತನೆಯ ದಾರಿ ಹಿಡಿಯಬೇಕು.

ಅಜ್ಜಿಯ ಪ್ರಶ್ನೆ

"ಇದರೊಳಗೆ ಯಾರಿರುತ್ತಾರಪ್ಪ?" ಎಂದು ಅಜ್ಜಿ ಕೇಳಿದ್ದು ಅವರು ಕಂಡ ಬೆಂಗಳೂರಿನ ಅನುಭವದಿಂದ. ಇಲ್ಲಿ ಶೆಡ್ ಎಂದರೆ ಮೊದಲು ನೆನಪಾಗುವುದು ಗುದ್ದಲಿಯಲ್ಲ, ಸಂಸಾರ. ಸೈಟು ಕಾಯುವ ದಂಪತಿ, ಮನೆ ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂ‌ದ ಬಂದ ಕುಟುಂಬಗಳು ತಿಂಗಳುಗಟ್ಟಲೆ ಇರುವುದು ಆರು ಶೀಟಿನ ಕೋಣೆಯಲ್ಲಿ. ಬ್ರಿಟನ್ನಿನ ನಿಯಮಗಳಲ್ಲಿ ಸಣ್ಣ ಶೆಡ್ಡಿಗೆ ಕಟ್ಟಡ ನಿಬಂಧನೆಗಳ ವಿನಾಯಿತಿ ಸಿಗುವುದು ಅದರಲ್ಲಿ ಯಾರೂ ಮಲಗದಿದ್ದರೆ ಮಾತ್ರ. ಹಾಗೆಂದು ಅಲ್ಲಿ ಮಲಗುವವರಿಲ್ಲ ಎಂದಲ್ಲ; ಬಾಡಿಗೆ ದುಬಾರಿಯಾದಂತೆ ಲಂಡನ್ ಸುತ್ತಮುತ್ತ ಹಿತ್ತಲ ಶೆಡ್ಡುಗಳಲ್ಲಿ ವಲಸೆ ಬಂದವರನ್ನು ಗುಟ್ಟಾಗಿ ಇರಿಸುವುದು ಹೆಚ್ಚಿತು. ಸ್ಲೌ ಎಂಬ ಪಟ್ಟಣದ ಆಡಳಿತ 2013ರಲ್ಲಿ ಕಾವು ಗುರುತಿಸುವ ಕ್ಯಾಮೆರಾ ಹೊತ್ತ ವಿಮಾನವನ್ನೇ ಹಾರಿಸಿ ಯಾವ ಶೆಡ್ಡುಗಳು ಬೆಚ್ಚಗಿವೆ ಎಂದು ಹುಡುಕಿತು.

ನಮ್ಮಲ್ಲಿ ಗುಟ್ಟೇನೂ ಇಲ್ಲ, ಎಲ್ಲವೂ ರಸ್ತೆಗೆ ಕಾಣುವಂತೆಯೇ ಇದೆ. ಕಾನೂನೂ ಬಂದಿತ್ತು. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ವ್ಯಾಪ್ತಿಗೆ ಬರುತ್ತಿದ್ದ ಕಾಮಗಾರಿಗಳಲ್ಲಿ ಉದ್ಯೋಗದಾತರು ಕಾರ್ಮಿಕರಿಗೆ ಕೆಲಸದ ಅವಧಿಯುದ್ದಕ್ಕೂ ತಾತ್ಕಾಲಿಕ ವಸತಿಯನ್ನು ಉಚಿತವಾಗಿ ಕೊಡಬೇಕಿತ್ತು. ಅಡುಗೆ, ಸ್ನಾನ, ಬಟ್ಟೆ ಒಗೆಯಲು ಮತ್ತು ಶೌಚಕ್ಕೆ ಪ್ರತ್ಯೇಕ ವ್ಯವಸ್ಥೆ ಇರಬೇಕು ಎನ್ನುತ್ತಿತ್ತು ಅದರ 34ನೇ ಕಲಂ. ಮೇಲೆ ಹೇಳಿದ ಸೆಕೆ, ಬೆವರು, ಬಿರುಗಾಳಿ, ಹೆಗ್ಗಣಗಳ ವಿವರವನ್ನೆಲ್ಲ ಈ ಕೋಣೆಗಳನ್ನು ನೆನೆದು ಇನ್ನೊಮ್ಮೆ ಓದಬಹುದು. ಬಿಳಿ ಬಣ್ಣ ಮತ್ತು ಎರಡು ಕಿಂಡಿಗೆ ತಗಲುವ ಖರ್ಚು ಎರಡೂ ಕಡೆ ಒಂದೇ.

ನಮ್ಮ ಬೀದಿಯಲ್ಲಿ ಬೂದು ಶೆಡ್ ಜೋಡಿಸಿ ಮುಗಿಯಲು ಮೂರು ಭಾನುವಾರ ಹಿಡಿಯಿತು. ಗೊಬ್ಬರದ ಚೀಲಗಳು, ಬೇವಿನ ಹಿಂಡಿ, ಕತ್ತರಿ, ಪೈಪು ಒಳಸೇರಿದವು. ಒಂದು ಮಡಚುವ ಕುರ್ಚಿಯೂ ಸೇರಿತು. ಅದೇ ತಿಂಗಳು ಎದುರಿನ ಸೈಟಿನ ಮನೆಯ ಗೃಹಪ್ರವೇಶವಾಯಿತು. ಮಾರನೆಯ ಬೆಳಿಗ್ಗೆ ಅದರ ಮಗ್ಗುಲಿನ ಶೀಟ್ ಮನೆಯನ್ನು ಬಿಚ್ಚಿದರು. ಪಾತ್ರೆ, ಟ್ರಂಕು, ಮಗುವಿನ ಮೂರು ಗಾಲಿಯ ಸೈಕಲ್ಲು ಮೊದಲು ಲಾರಿಗೇರಿದವು. ಕೊನೆಗೆ ಶೀಟುಗಳು. ಹಿಂದಿನ ಸೈಟುಗಳಲ್ಲಿ ಬೋಲ್ಟು ಹಾಕಿದ್ದ ತೂತುಗಳಿಗೆಲ್ಲ ಎಂ-ಸೀಲ್ ಮೆತ್ತಿತ್ತು. ಎಣಿಸಲು ಹೋದೆ, ಮುಗಿಯುವಷ್ಟರಲ್ಲಿ ಲಾರಿ ಹೊರಟಿತು.